ಪತ್ರ ಬರೆಯಲು ಯಾರನ್ನು ಕೇಳಬೇಕು?

(ಬಾನುಲಿ ಭಾಷಣ)

ಕಳೆದ ವರ್ಷ ಮುಂಗಾರು ಹಿಡಿದ ಹೊಸತರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಜ್ಜಂಪುರದ ಕಡೆಯ ತನ್ನ ಹಳ್ಳಿಯಿಂದ ಮಗಳನ್ನು ಕರೆದುಕೊಂಡು ಕಡೂರಿನ ನಮ್ಮ ಮನೆಗೆ ಬಂದ. ಮಗಳು ವೈದ್ಯೆ. ಸರ್ಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ತರೀಕೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಗ್ರಾಮೀಣ ಸೇವೆಯನ್ನೂ ಪೂರೈಸಿದ್ದಳು. ಈಗ ಅಮೆರಿಕದಲ್ಲಿ ಹೆಚ್ಚಿನ ವೈದ್ಯಕೀಯ ತರಬೇತಿಗೆ ಅರ್ಜಿ ಹಾಕುವ ಸಿದ್ಧತೆ ನಡೆದಿತ್ತು. ಅರ್ಜಿಯೊಡನೆ ಆಕೆಯನ್ನು ಕುರಿತು ಬಲ್ಲವರು ಬರೆದ ಪತ್ರಗಳು ಬೇಕು. ಒಂದೊಂದು ಆಸ್ಪತ್ರೆಗೆ ಹೆಚ್ಚೆಂದರೆ ನಾಲ್ಕು. ಆ ತಂದೆ ತನ್ನ ಕೈಚೀಲದಿಂದ ಮೂರು ಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟ. ಒಂದು ಶಾಸಕರೊಬ್ಬರದು, ಇನ್ನೊಂದು ಬೆಂಗಳೂರಿನಲ್ಲಿ ನೆಲೆಸಿರುವ ನಿವೃತ್ತ ಹಿರಿಯ ಅಧಿಕಾರಿಗಳದು, ಅವರು ದೂರದ ನೆಂಟರೂ ಹೌದು, ಮೂರನೆಯದು ತಾನು ಸದಸ್ಯನಾಗಿರುವ ಒಂದು ಸಂಘದ ಅಧ್ಯಕ್ಷರದು.

"ಮೇಷ್ಟ್ರೇ, ನಾಲ್ಕನೆಯದು ನಿಮ್ಮ ಕೈಯಿಂದಲೇ ಆಗಬೇಕು" ಎಂದ.

ನಾನು ಪತ್ರಗಳನ್ನು ಓದಿದೆ. ಮೂರರಲ್ಲಿಯೂ ಆಕೆ ಸುಶೀಲೆ, ವಿಧೇಯಳು, ಪರಿಶ್ರಮಿ, ಗೌರವಸ್ಥ ಮನೆತನದವಳು. ಮೂರನ್ನೂ ಒಬ್ಬರೇ ಬರೆದಿದ್ದರೇನೋ ಎನ್ನಿಸುವಷ್ಟು ಸಾಮ್ಯ. "ನಾನು ಕನ್ನಡದ ಮೇಷ್ಟ್ರು. ಪಾಠ ಹೇಳಿದ್ದು ನಿನಗೆ, ಇವಳಿಗಲ್ಲ. ಇವಳು ರೋಗಿಯ ನಾಡಿ ಹಿಡಿದದ್ದನ್ನು ಒಂದು ದಿನವೂ ಕಂಡವನಲ್ಲ. ಏನೆಂದು ಬರೆಯಲಿ?" ಎಂದೆ. ಅವನ ಮುಖ ಬಾಡಿತು. "ನೀವೂ ಹೀಗಂದರೆ ಹೇಗೆ ಮೇಷ್ಟ್ರೇ? ನಿಮ್ಮ ಹೆಸರಿನ ಮುಂದೆ ಪ್ರೊಫೆಸರ್ ಅಂತ ಇದೆಯಲ್ಲ, ಅಷ್ಟು ಸಾಕು" ಎಂದ.

ಅಷ್ಟು ಸಾಕೇ? ಇಂದಿನ ನನ್ನ ಮಾತಿಗೆ ಈ ಪ್ರಶ್ನೆಯೇ ಆಧಾರ. ಮಕ್ಕಳನ್ನು ವೈದ್ಯಕೀಯ ಶಿಕ್ಷಣಕ್ಕೆ ಕಳುಹಿಸುವ ಹಂಬಲವುಳ್ಳ ಮನೆಗಳು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಇಂದು ಕಡಿಮೆಯಿಲ್ಲ. ಅವರಲ್ಲಿ ಕೆಲವರಿಗಾದರೂ ಈ ಮಾತು ಉಪಯೋಗಕ್ಕೆ ಬಂದೀತು.

ಮೊದಲಿಗೆ, ಪತ್ರಕ್ಕೆ ಬೆಲೆಯೇ ಇಲ್ಲದ ಕಡೆ ಯಾವುದೆಂಬುದನ್ನು ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಎಂ.ಬಿ.ಬಿ.ಎಸ್. ಸೀಟಿಗೆ ಯಾರ ಪತ್ರವೂ ಬೇಕಿಲ್ಲ. ನೀಟ್ ಪರೀಕ್ಷೆಯ ರ್‍ಯಾಂಕು, ಮೀಸಲಾತಿಯ ನಿಯಮ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗು, ಇವಿಷ್ಟೇ ಅಲ್ಲಿ ನಡೆಯುವುದು. ಎಂ.ಬಿ.ಬಿ.ಎಸ್. ನಂತರದ ಎಂ.ಡಿ., ಎಂ.ಎಸ್. ಸೀಟುಗಳಿಗೂ ಪ್ರವೇಶಪರೀಕ್ಷೆಯ ರ್‍ಯಾಂಕೇ ಆಧಾರ. "ದೊಡ್ಡವರಿಂದ ಒಂದು ಪತ್ರ ಕೊಡಿಸುತ್ತೇನೆ, ಸೀಟು ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಆ ಮನುಷ್ಯನಿಂದ ದೂರವಿರುವುದೇ ಕ್ಷೇಮ.

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 1963ರಲ್ಲಿ ಅಂದಿನ ಮೈಸೂರು ಸರ್ಕಾರವು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಏರ್ಪಡಿಸಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಅದಕ್ಕೆ ಗೊತ್ತುಪಡಿಸಿತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ಸಾಧನೆ, ಎನ್.ಸಿ.ಸಿ., ಆಟ-ನಾಟಕ-ಚರ್ಚೆ-ಸಮಾಜಸೇವೆ ಇವನ್ನೆಲ್ಲ ನೋಡಿ ಸಮಿತಿಯವರು ಅಂಕ ಕೊಡಬೇಕಾಗಿತ್ತು. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ, ಸಂದರ್ಶನದ ಪದ್ಧತಿ ತಾನಾಗಿಯೇ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಬಹುಮತದ ತೀರ್ಪನ್ನಿತ್ತಿತು. ಆದರೆ ಕೆಲವು ನಿಮಿಷಗಳ ಸಂದರ್ಶನದಲ್ಲಿ ಅಪರಿಚಿತನ ವ್ಯಕ್ತಿತ್ವವನ್ನು ಅಳೆಯುವುದು ಹೇಗೆ, ಅಳೆಯುವವನ ಕಿವಿಗೆ ಮುಂಚೆಯೇ ಯಾರ ಮಾತು ಬಿದ್ದಿದೆ ಎಂಬ ಶಂಕೆ ಜನಮನದಿಂದ ಹೋಗಲಿಲ್ಲ. ಕಾಶ್ಮೀರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರವೇಶವನ್ನು ಕುರಿತ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು 1980ರಲ್ಲಿ, ಸಂದರ್ಶನಕ್ಕೆ ಒಟ್ಟು ಅಂಕಗಳ ಶೇಕಡ 15ಕ್ಕಿಂತ ಹೆಚ್ಚು ಕೊಡುವುದು ಸ್ವೇಚ್ಛಾಚಾರಕ್ಕೆ ಎಡೆಮಾಡುತ್ತದೆಂದು ಹೇಳಿತು. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶಪರೀಕ್ಷೆ ಆರಂಭವಾಯಿತು. 2017ರಿಂದ ರಾಜ್ಯದ ವೈದ್ಯಕೀಯ ಸೀಟುಗಳು ನೀಟ್ ಪರೀಕ್ಷೆಯ ವ್ಯಾಪ್ತಿಗೆ ಬಂದವು.

ಈ ಹಿನ್ನೆಲೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಪಾರಸಿಯಿಂದ ನಮ್ಮ ಭಾಷೆಗೆ ಬಂದ 'ಶಿಫಾರಸು' ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಶಿಫಾರಸು ಎಂದೊಡನೆ ವಶೀಲಿ ನೆನಪಾಗುತ್ತದೆ. ವಶೀಲಿ ಎಂದೊಡನೆ ಅಧಿಕಾರಸ್ಥರು ನೆನಪಾಗುತ್ತಾರೆ. ನನ್ನ ಶಿಷ್ಯ ಶಾಸಕರ ಮನೆಗೆ ಹೋದದ್ದು ಅವನ ತಪ್ಪಲ್ಲ. ಎರಡು ಮೂರು ತಲೆಮಾರುಗಳಿಂದ ಈ ಶಬ್ದ ನಮಗೆ ಕಲಿಸಿದ ದಾರಿ ಅದು. ಆದರೆ ಆ ದಾರಿ ಆಕೆಯ ಅರ್ಜಿ ಹೋಗಬೇಕಾದ ಊರಿಗೆ ಹೋಗುವುದಿಲ್ಲ.

ಇನ್ನು ಪತ್ರಕ್ಕೆ ನಿಜವಾಗಿ ಬೆಲೆಯಿರುವ ಕಡೆಗಳನ್ನು ನೋಡೋಣ. ಅಮೆರಿಕದಲ್ಲಿ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜಿಗೆ ಸೇರಬೇಕು. ಅಲ್ಲಿಯ ಎಂ.ಡಿ. ಕಾಲೇಜುಗಳಲ್ಲಿ ಹೆಚ್ಚಿನವಕ್ಕೆ 'ಆಮ್ಕಾಸ್' ಎಂಬ ಒಂದೇ ಕೇಂದ್ರದ ಮೂಲಕ ಅರ್ಜಿ ಹೋಗುತ್ತದೆ. ಅರ್ಜಿಗೆ ಹತ್ತು ಪತ್ರಗಳವರೆಗೆ ಸೇರಿಸಲು ಅವಕಾಶವುಂಟು. ಎಷ್ಟು ಬೇಕು, ಯಾರವು ಬೇಕು ಎಂಬುದನ್ನು ಒಂದೊಂದು ಕಾಲೇಜೂ ತಾನೇ ತಿಳಿಸುತ್ತದೆ. ವಿಜ್ಞಾನದ ಅಧ್ಯಾಪಕರ ಪತ್ರಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ಬ್ರಿಟನ್ನಿನಲ್ಲಿ 'ಯುಕಾಸ್' ಎಂಬ ಸಂಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅಲ್ಲಿ ಬೇಕಾದದ್ದು ಒಂದೇ ಪತ್ರ. ಬರೆಯಬೇಕಾದವರು ಶಾಲೆಯವರು, ಇಲ್ಲವೇ ವಿದ್ಯಾರ್ಥಿಯ ವ್ಯಾಸಂಗವನ್ನು ಬಲ್ಲವರು. ಮನೆಯವರು, ನೆಂಟರು, ಸ್ನೇಹಿತರು ಬರೆಯುವಂತಿಲ್ಲ. ವೈದ್ಯಕೀಯಕ್ಕೆ ಅರ್ಜಿಯ ಕೊನೆಯ ದಿನ ಅಕ್ಟೋಬರ್ 15. ಉಳಿದ ಬಹುತೇಕ ವಿಷಯಗಳಿಗಿಂತ ತಿಂಗಳುಗಟ್ಟಲೆ ಮುಂಚೆ. ಇನ್ನು ನಮ್ಮಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಎಂಬ ತರಬೇತಿಗೆ ಹೋಗುವ ದಾರಿ. ನನ್ನ ಶಿಷ್ಯನ ಮಗಳದು ಇದೇ. ಇದಕ್ಕೆ 'ಇರಾಸ್' ಎಂಬ ವ್ಯವಸ್ಥೆಯಿದೆ. ಬರೆಯುವವರು ತಮ್ಮ ಪತ್ರವನ್ನು ಅಂತರ್ಜಾಲದ ಮೂಲಕ ಅಲ್ಲಿಗೆ ನೇರವಾಗಿ ಕಳುಹಿಸುತ್ತಾರೆ. ಅದು ಅರ್ಜಿದಾರರ ಕೈಗೆ ಬರುವ ಕಾಗದವಲ್ಲ. ಕೈಚೀಲದಲ್ಲಿ ತಿರುಗಾಡಿಸುವ ಪತ್ರಕ್ಕೆ ಅಲ್ಲಿ ಎಡೆಯೇ ಇಲ್ಲವೆಂಬುದು ನನ್ನ ಶಿಷ್ಯನಿಗೆ ತಿಳಿದಿರಲಿಲ್ಲ.

ಇನ್ನೊಂದು ಸಂಗತಿ. ಈ ತರಬೇತಿಗೆ ಹೋಗುವವರು ಬರೆಯಬೇಕಾದ ಅಮೆರಿಕದ ಪರೀಕ್ಷೆಯ ಮೊದಲ ಹಂತದಲ್ಲಿ 2022ರ ಜನವರಿಯಿಂದ ಅಂಕಗಳನ್ನು ಪ್ರಕಟಿಸುವುದನ್ನು ನಿಲ್ಲಿಸಿ, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಾರೆ. ಒಂದು ಅಂಕಪಟ್ಟಿ ಮೌನವಾದಾಗ ಉಳಿದ ಕಾಗದಗಳನ್ನು ಹೆಚ್ಚು ಗಮನವಿಟ್ಟು ಓದುವುದು ಸಹಜವಷ್ಟೆ.

ಹಾಗಾದರೆ ಆ ಓದುವವರು ಪತ್ರದಲ್ಲಿ ಏನನ್ನು ಹುಡುಕುತ್ತಾರೆ? ಪುಸ್ತಕದಲ್ಲಿದ್ದದ್ದು ಎಷ್ಟು ತಲೆಗೆ ಹತ್ತಿದೆ ಎಂಬುದನ್ನು ಪರೀಕ್ಷೆ ಹೇಳುತ್ತದೆ. ನಡುರಾತ್ರಿ ಬಂದ ರೋಗಿಯೆದುರು ಈಕೆ ಹೇಗೆ ನಡೆದುಕೊಳ್ಳುತ್ತಾಳೆ, ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪುತ್ತಾಳೆಯೇ, ದಾದಿಯರನ್ನು ಹೇಗೆ ಮಾತನಾಡಿಸುತ್ತಾಳೆ, ತಪ್ಪಾದಾಗ ಮುಚ್ಚಿಡುತ್ತಾಳೆಯೋ ಹೇಳುತ್ತಾಳೆಯೋ ಎಂಬುದನ್ನು ಪರೀಕ್ಷೆ ಹೇಳಲಾರದು. ಪಕ್ಕದಲ್ಲಿ ನಿಂತು ಕಂಡವರು ಮಾತ್ರ ಹೇಳಬಲ್ಲರು. ಆದ್ದರಿಂದ ಪತ್ರ ಬರೆಯುವವನನ್ನು ಶಿಫಾರಸುದಾರನೆಂದು ಕರೆಯುವ ಬದಲು ಸಾಕ್ಷಿ ಎಂದು ಕರೆದರೆ ಅರ್ಧ ಗೊಂದಲ ಪರಿಹಾರವಾದೀತು.

'ಸಾಕ್ಷಿ' ಎಂಬುದಕ್ಕೆ ಪಾಣಿನಿ ಹೇಳುವ ಅರ್ಥ ಸಾಕ್ಷಾತ್ತಾಗಿ ನೋಡಿದವನು ಎಂದು. ಕೇಳಿದವನು ಸಾಕ್ಷಿಯಲ್ಲ, ಊಹಿಸಿದವನೂ ಅಲ್ಲ, ಎಷ್ಟೇ ದೊಡ್ಡವನಾದರೂ ಸ್ಥಳದಲ್ಲಿ ಇಲ್ಲದವನು ಸಾಕ್ಷಿಯಲ್ಲ. ನಮ್ಮ ಪೂರ್ವಿಕರಿಗೆ ಈ ವಿವೇಕ ಚೆನ್ನಾಗಿ ತಿಳಿದಿತ್ತು. ನಮ್ಮ ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರು, ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದ್ದು ಈ ಜಿಲ್ಲೆಯ ಶಾಸನಗಳನ್ನೇ. ದಾನಶಾಸನಗಳನ್ನು ಓದಿ ಬಲ್ಲವರಿಗೆ ಅವುಗಳಲ್ಲಿ ಎರಡು ಬಗೆಯ ಬರವಣಿಗೆ ಇರುವುದು ಗೊತ್ತು. ಮೊದಲು ಪ್ರಶಸ್ತಿ: ಅರಸನ ಪರಾಕ್ರಮ, ದಂಡನಾಯಕನ ಔದಾರ್ಯ, ಉಪಮೆ ರೂಪಕಗಳ ಸಾಲು. ಅನಂತರ ದಾನದ ವಿವರ: ಭೂಮಿ ಎಷ್ಟು, ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಕೆರೆ; ಕೆಲವು ಶಾಸನಗಳಲ್ಲಿ ಕಂಡವರು ಯಾರು ಎಂಬ ಸಾಕ್ಷಿಗಳ ಹೆಸರೂ ಉಂಟು. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನಪದ್ಯಗಳು ಕವಿ ಜನ್ನನವೆಂದು ವಿದ್ವಾಂಸರು ಹೇಳುತ್ತಾರೆ. ಆ ಬಗೆಯ ಪದ್ಯಗಳನ್ನು ನಾವು ಇಂದಿಗೂ ಮೆಚ್ಚಿ ಓದುತ್ತೇವೆ. ಆದರೆ ಹೊಲದ ಎಲ್ಲೆಯ ವಿಷಯದಲ್ಲಿ ನಾಳೆ ವ್ಯಾಜ್ಯವೆದ್ದರೆ ಪ್ರಶಸ್ತಿಯ ಪದ್ಯ ಉಪಯೋಗಕ್ಕೆ ಬರುವುದಿಲ್ಲ; ಗಡಿಕಲ್ಲಿನ ವಿವರವೂ ಕಂಡವರ ಹೆಸರೂ ಬರುತ್ತವೆ. ನನ್ನ ಮೇಜಿನ ಮೇಲಿದ್ದ ಮೂರು ಪತ್ರಗಳೂ ಪ್ರಶಸ್ತಿಗಳು. ಒಂದರಲ್ಲಿಯೂ ಗಡಿಕಲ್ಲು ಇರಲಿಲ್ಲ.

ಅಜ್ಜಂಪುರದವನಾದ ನನ್ನ ಶಿಷ್ಯನಿಗೆ ಅವನದೇ ಊರಿನ ಉದಾಹರಣೆಯಿಂದ ತಿಳಿಸಲು ಯತ್ನಿಸಿದೆ. ಅಲ್ಲಿ ಅಮೃತಮಹಲ್ ರಾಸುಗಳ ತಳಿಕೇಂದ್ರವಿದೆಯಷ್ಟೆ. "ಒಂದು ಹೋರಿ ನೊಗಕ್ಕೆ ಒಗ್ಗೀತೇ, ಹಾಯುತ್ತದೆಯೇ, ಬಿಸಿಲಿಗೆ ನಿಲ್ಲುತ್ತದೆಯೇ ಎಂದು ತಿಳಿಯಬೇಕಾದರೆ ಯಾರನ್ನು ಕೇಳುತ್ತೀಯೆ? ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಮೇಲಧಿಕಾರಿಗಳನ್ನೋ, ಕಾವಲಿನಲ್ಲಿ ಅದರ ಹಿಂದೆ ದಿನವೂ ನಡೆದ ದನಗಾಹಿಯನ್ನೋ?" ಎಂದೆ. "ದನಗಾಹಿಯನ್ನೇ ಮೇಷ್ಟ್ರೇ" ಎಂದು ನಕ್ಕ. ನಕ್ಕರೂ ಮನಸ್ಸು ಒಪ್ಪಿರಲಿಲ್ಲ. ಆಗ ನನ್ನ ಬದುಕಿನ ಒಂದು ಸಂಗತಿಯನ್ನು ಹೇಳಬೇಕಾಯಿತು.

ಹಲವು ವರ್ಷಗಳ ಹಿಂದೆ, ನಾನು ಕೆಲಸದಲ್ಲಿದ್ದಾಗ, ಒಬ್ಬ ವಿದ್ಯಾರ್ಥಿನಿ ವಿದ್ಯಾರ್ಥಿವೇತನವೊಂದಕ್ಕೆ ಪತ್ರ ಕೇಳಿಕೊಂಡು ಬಂದಳು. ಬಡ ಮನೆಯ ಹುಡುಗಿ, ತರಗತಿಗೆ ಮೊದಲಿಗಳು. ಅಂಕಗಳ ಹೊರತು ಆಕೆಯ ವಿಷಯ ನನಗೆ ಹೆಚ್ಚೇನೂ ತಿಳಿದಿರಲಿಲ್ಲ. ಆದರೂ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಹತ್ತು ನಿಮಿಷದಲ್ಲಿ ಆರು ಸಾಲು ಬರೆದು ಕೊಟ್ಟೆ. ಆಕೆಗೆ ವೇತನ ಸಿಗಲಿಲ್ಲ. ಕೆಲವು ತಿಂಗಳ ಮೇಲೆ ಆಯ್ಕೆ ಸಮಿತಿಯಲ್ಲಿದ್ದ ಪರಿಚಿತರೊಬ್ಬರು ಮಾತಿನ ನಡುವೆ, "ನಿಮ್ಮ ಪತ್ರದಲ್ಲಿ ಹೆಸರು ಬದಲಾಯಿಸಿದ್ದರೆ ಯಾರಿಗೆ ಬೇಕಾದರೂ ಹೊಂದುತ್ತಿತ್ತು" ಎಂದರು. ಅವರು ಕಟುವಾಗಿ ಹೇಳಲಿಲ್ಲ. ಆದರೂ ಆ ಮಾತನ್ನು ನಾನು ಮರೆತಿಲ್ಲ. ನಮ್ಮ ಕಾಲೇಜಿನ ಗ್ರಂಥಾಲಯದವರಿಗೆ ಆ ಹುಡುಗಿ ಪ್ರತಿದಿನ ಸಂಜೆ ಬಂದು ಏನು ಓದುತ್ತಿದ್ದಳೆಂಬುದು ಗೊತ್ತಿತ್ತು. ಇತಿಹಾಸದ ಅಧ್ಯಾಪಕರಿಗೆ ಆಕೆ ಬರೆದ ಪ್ರಬಂಧವೊಂದು ಚೆನ್ನಾಗಿ ನೆನಪಿತ್ತು. "ನನ್ನಿಂದ ಬೇಡಮ್ಮ, ಅವರಿಂದ ಬರೆಸು" ಎಂದಿದ್ದರೆ ಸಾಕಿತ್ತು. ನನ್ನ ದಾಕ್ಷಿಣ್ಯ ಆಕೆಗೆ ನಷ್ಟವಾಯಿತು.

ಈ ಮಾತನ್ನು ಕೇಳಿ ತಂದೆ ಸುಮ್ಮನಾದ. ಅಲ್ಲಿಯವರೆಗೆ ಒಂದೂ ಮಾತನಾಡದಿದ್ದ ಮಗಳನ್ನು ಕೇಳಿದೆ: "ನೀನು ಕೆಲಸ ಮಾಡುವುದನ್ನು ಯಾರು ಕಂಡಿದ್ದಾರಮ್ಮ?" ಆಕೆ ತಡೆದು ತಡೆದು ಒಂದು ಸಂಗತಿಯನ್ನು ಹೇಳಿದಳು.

ಆಕೆಯ ಆರೋಗ್ಯ ಕೇಂದ್ರದಲ್ಲಿ ಮೂವತ್ತು ವರ್ಷ ದಾಟಿದವರ ರಕ್ತದೊತ್ತಡವನ್ನು ಪರೀಕ್ಷಿಸಿ ಬರೆದಿಡುವ ದಾಖಲೆ ಪುಸ್ತಕವಿತ್ತು. ಒಂದು ದಿನ ಅದನ್ನು ತಿರುವಿ ಹಾಕುವಾಗ ಒಂದು ಹಳ್ಳಿಯ ಪುಟಗಳಲ್ಲಿ ಸಾಲುಸಾಲಾಗಿ 120/80, 120/80 ಎಂದೇ ಬರೆದಿರುವುದು ಕಣ್ಣಿಗೆ ಬಿತ್ತು. ಒಂದು ಊರಿನ ಜನಕ್ಕೆಲ್ಲ ಒಂದೇ ರಕ್ತದೊತ್ತಡವಿರುವುದು ಸಾಧ್ಯವಿಲ್ಲ. ಅಳೆಯದೆ ಬರೆದ ಅಂಕಿ ಅದು. ಆಕೆ ಹಿರಿಯ ವೈದ್ಯಾಧಿಕಾರಿಗಳಿಗೆ ಹೇಳಿದಳು. ಅವರಿಗೆ ಮೊದಲು ಸಿಟ್ಟು ಬಂತು. ಪುಸ್ತಕಕ್ಕೆ ಸಹಿ ಹಾಕಿದವರು ಅವರೇ. ಆಕೆ ವಾದಕ್ಕೆ ನಿಲ್ಲಲಿಲ್ಲ, ಸುಮ್ಮನೂ ಇರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಹಲವು ಸಂಜೆಗಳು ಆ ಹಳ್ಳಿಗೆ ಹೋಗಿ, ಅಡಿಕೆ ಸುಲಿಯುತ್ತ ಕುಳಿತವರನ್ನು, ತೋಟದಿಂದ ಹಿಂತಿರುಗಿದವರನ್ನು ಜಗುಲಿಯ ಮೇಲೆ ಕೂರಿಸಿ ಮತ್ತೆ ಅಳೆದಳು. ಔಷಧವಿಲ್ಲದೆ ಓಡಾಡುತ್ತಿದ್ದ ಹಲವು ರೋಗಿಗಳು ಪತ್ತೆಯಾದರು. ಆಮೇಲೆ ಆ ವೈದ್ಯಾಧಿಕಾರಿಗಳೇ ಉಳಿದ ಹಳ್ಳಿಗಳ ಪುಟಗಳನ್ನೂ ತೆಗೆಸಿ ನೋಡಿದರಂತೆ.

"ಅವರನ್ನು ಕೇಳಿದೆಯಾ?" ಎಂದೆ. "ಇಲ್ಲ ಸಾರ್, ಹೆದರಿಕೆ. ಅವರಿಗೆ ಅವತ್ತು ನನ್ನಿಂದ ಬೇಜಾರಾಗಿತ್ತು" ಎಂದಳು.

ಶ್ರೋತೃಗಳು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಆ ಪುಸ್ತಕದ 120/80ಕ್ಕೂ ನನ್ನ ಆರು ಸಾಲಿನ ಪತ್ರಕ್ಕೂ ವ್ಯತ್ಯಾಸವೇನು? ಎರಡೂ ಅಳೆಯದೆ ಬರೆದವು. ನೋಡುವುದಕ್ಕೆ ಎರಡೂ ಆರೋಗ್ಯಕರವಾದವು. ಎರಡರಿಂದಲೂ ಯಾರ ವಿಷಯವೂ ತಿಳಿಯುವುದಿಲ್ಲ. 'ಸುಶೀಲೆ, ವಿಧೇಯಳು, ಪರಿಶ್ರಮಿ' ಎಂಬುದು ಪತ್ರಗಳ ಲೋಕದ 120/80. ಆ ಅಂಕಿಯನ್ನು ಒಪ್ಪದೆ ಹೋದ ಹುಡುಗಿಗೆ ಅಂಥದೇ ನಾಲ್ಕು ಪತ್ರಗಳನ್ನು ಕೊಟ್ಟು ಕಳುಹಿಸಲು ನಾವು ಹೊರಟಿದ್ದೆವು.

ಹಾಗಾದರೆ ಯಾರನ್ನು ಆರಿಸಬೇಕು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಮೊದಲನೆಯದು, ಇವರು ನನ್ನ ಕೆಲಸವನ್ನು ಕಣ್ಣಾರೆ ಕಂಡಿದ್ದಾರೆಯೇ, ಎಷ್ಟು ಕಾಲ? ಎರಡನೆಯದು, ನನ್ನನ್ನು ಕುರಿತು ಒಂದಾದರೂ ನಿರ್ದಿಷ್ಟ ಘಟನೆಯನ್ನು ಇವರು ನೆನೆಯಬಲ್ಲರೇ? ಮೂರನೆಯದು, ನನ್ನಂಥ ಅನೇಕರನ್ನು ಕಂಡು ಹೋಲಿಸಿ ಹೇಳುವ ಅನುಭವ ಇವರಿಗಿದೆಯೇ? ನಾಲ್ಕನೆಯದು, ಇವರು ಮನಸ್ಸಿನಿಂದ ಬರೆಯಬಲ್ಲರೇ, ಮೊಗಮಾಟಕ್ಕೋ? ಪದವಿ ಅಧಿಕಾರಗಳ ಪ್ರಶ್ನೆ ಇವುಗಳ ನಂತರದ್ದು. ಕಂಡವರಿಬ್ಬರಲ್ಲಿ ಒಬ್ಬರು ಹಿರಿಯ ಪ್ರಾಧ್ಯಾಪಕರಾಗಿದ್ದರೆ ಅವರನ್ನೇ ಕೇಳಬಹುದು. ಕಾಣದ ಕುಲಪತಿಗಳಿಗಿಂತ ಕಂಡ ಸಹಾಯಕ ಪ್ರಾಧ್ಯಾಪಕರು ಮೇಲು.

ಬೇರೆ ಬೇರೆ ಸಾಕ್ಷಿಗಳು ಬೇರೆ ಬೇರೆ ಮಗ್ಗುಲುಗಳನ್ನು ಕಂಡಿರಬೇಕೆಂಬುದೂ ಮುಖ್ಯ. ನನ್ನ ಶಿಷ್ಯನ ಮಗಳಿಗೆ ನಾವು ಕೂಡಿ ಮಾಡಿದ ಪಟ್ಟಿ ಹೀಗಿತ್ತು: ಇಂಟರ್ನ್‌ಶಿಪ್ ಕಾಲದಲ್ಲಿ ವಾರ್ಡಿನ ಸುತ್ತಿನಲ್ಲಿ ಆಕೆಯನ್ನು ದಿನವೂ ಪ್ರಶ್ನಿಸುತ್ತಿದ್ದ ಮೆಡಿಸಿನ್ ವಿಭಾಗದ ಪ್ರಾಧ್ಯಾಪಕರು, ಏಕೆಂದರೆ ಆಕೆ ಅರ್ಜಿ ಹಾಕುವುದು ಆ ವಿಷಯಕ್ಕೇ; ಸಣ್ಣ ಸಂಶೋಧನೆಯೊಂದರಲ್ಲಿ ಆಕೆಗೆ ಮಾರ್ಗದರ್ಶನ ಮಾಡಿದ ಪೆಥಾಲಜಿ ಅಧ್ಯಾಪಕರು; ಮತ್ತು ಆ ವೈದ್ಯಾಧಿಕಾರಿಗಳು. ಆಶಾ ಕಾರ್ಯಕರ್ತೆಯೂ ಹಿರಿಯ ದಾದಿಯೂ ಆಕೆಯನ್ನು ಇವರೆಲ್ಲರಿಗಿಂತ ಹತ್ತಿರದಿಂದ ಕಂಡವರು. ಅವರು ಪತ್ರ ಬರೆಯುವ ಪದ್ಧತಿ ಇಲ್ಲ. ಆದರೆ ವೈದ್ಯಾಧಿಕಾರಿಗಳು ಅವರನ್ನು ಒಂದು ಮಾತು ಕೇಳಿ ತಮ್ಮ ಪತ್ರದಲ್ಲಿ ಸೇರಿಸಬಹುದಲ್ಲ. ನಾಲ್ಕನೆಯ ಪತ್ರವನ್ನು ಬಿಟ್ಟೆವು. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ವೀಕ್ಷಕಳಾಗಿ ಕೆಲಸ ಮಾಡುವ ಅವಕಾಶ ಸಿಕ್ಕರೆ ಅಲ್ಲಿಯ ವೈದ್ಯರಿಂದ ಪಡೆಯಬಹುದು. ಅಂಥ ಪತ್ರವನ್ನು ಅಲ್ಲಿಯವರು ವಿಶೇಷವಾಗಿ ಗಮನಿಸುತ್ತಾರೆ. ಸಿಗದಿದ್ದರೆ ಮೂರೇ ಸಾಕು. ಮೂರು ಕಣ್ಣುಗಳ ಪಕ್ಕದಲ್ಲಿ ಒಂದು ಕುರುಡುಗಣ್ಣನ್ನು ಇಡುವುದರಿಂದ ಲಾಭವಿಲ್ಲ.

ಹೊರದೇಶಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ವೈದ್ಯಕೀಯಕ್ಕೆ ಅರ್ಜಿ ಹಾಕುವಾಗ, ಬಂಧುಗಳಲ್ಲಿ ಒಬ್ಬರು ಹೆಸರಾಂತ ವೈದ್ಯರಿದ್ದರೆ ಅವರಿಂದಲೇ ಪತ್ರ ಬರೆಸೋಣವೆಂದು ಇಲ್ಲಿಂದ ಅಜ್ಜ-ಅಜ್ಜಿ ಸಲಹೆ ಕೊಡುವುದುಂಟು. ಸೋದರಮಾವನ ಪ್ರೀತಿ ದೊಡ್ಡದು; ಆದರೆ ಸೋದರಮಾವನ ಸಾಕ್ಷ್ಯವನ್ನು ಯಾವ ಪಂಚಾಯಿತಿಯೂ ನೆಚ್ಚುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಪತ್ರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆಂಗಸರನ್ನು ಕುರಿತ ಪತ್ರಗಳು ಒಟ್ಟಿನಲ್ಲಿ ಗಿಡ್ಡವಾಗಿದ್ದವು. ಅವುಗಳಲ್ಲಿ ದುಡಿಮೆಯ ಹೊಗಳಿಕೆ ಹೆಚ್ಚು. ಬರೆದವರಿಗೆ ಅರಿವಿಲ್ಲದೆಯೇ ಸಂದೇಹ ಹುಟ್ಟಿಸುವ ಮಾತುಗಳೂ ಹೆಚ್ಚು. ಅಧ್ಯಾಪಕರ ವಿಷಯದಲ್ಲಿಯೇ ಹೀಗಾದರೆ ವಿದ್ಯಾರ್ಥಿನಿಯರ ಪಾಡೇನು? ನಮ್ಮಲ್ಲಂತೂ 'ವಿಧೇಯಳು' ಎಂಬುದು ಸಲೀಸಾಗಿ ಬರುವ ಮಾತು. ರಕ್ತದೊತ್ತಡದ ಪುಸ್ತಕವನ್ನು ಪ್ರಶ್ನಿಸಿದ ಹುಡುಗಿ ವಿಧೇಯಳಲ್ಲ. ಆ ದಿನ ವಿಧೇಯಳಾಗಿದ್ದರೆ ಆಕೆ ಒಳ್ಳೆಯ ವೈದ್ಯೆಯಾಗುತ್ತಿರಲಿಲ್ಲ.

ಇನ್ನು ಕೇಳುವ ಕ್ರಮ. ಕೊನೆಯ ದಿನಕ್ಕೆ ಆರು ವಾರವಾದರೂ ಮುಂಚೆ, ಸಾಧ್ಯವಾದರೆ ಖುದ್ದಾಗಿ ಹೋಗಿ ಕೇಳಬೇಕು. "ಒಂದು ಪತ್ರ ಕೊಡಿ" ಎನ್ನಬಾರದು, "ನನ್ನ ಕೆಲಸವನ್ನು ನೀವು ಕಂಡಿದ್ದೀರಿ, ಅದನ್ನು ಕುರಿತು ವಿವರವಾಗಿ, ನನಗೆ ಅನುಕೂಲವಾಗುವಂತೆ ಬರೆಯಲು ನಿಮಗೆ ಸಾಧ್ಯವೇ?" ಎನ್ನಬೇಕು. ಎದುರಿನವರು ತಡವರಿಸಿದರೆ ಅದೇ ಉತ್ತರ. ಬೇಸರಿಸದೆ, ವಂದಿಸಿ, ಇನ್ನೊಬ್ಬರ ಬಳಿಗೆ ಹೋಗಬೇಕು. ಒಪ್ಪಿದವರಿಗೆ ಅಂಕಪಟ್ಟಿ, ಒಂದು ಪುಟದ ಪರಿಚಯ, ಅರ್ಜಿಯಲ್ಲಿ ತಾನು ಬರೆದುಕೊಂಡ ಆತ್ಮನಿವೇದನೆ, ಅವರೊಡನೆ ಕೆಲಸ ಮಾಡಿದ ತಿಂಗಳುಗಳು, ನೆನಪಿಗೆ ಅನುಕೂಲವಾಗುವ ಎರಡು ಮೂರು ಸಂಗತಿಗಳು ಇವನ್ನು ಬರೆದು ಕೊಡಬೇಕು. ನೂರಾರು ವಿದ್ಯಾರ್ಥಿಗಳನ್ನು ಕಂಡವರ ನೆನಪಿಗೆ ಇಷ್ಟು ಸಹಾಯ ಬೇಕಾಗುತ್ತದೆ.

ನಮ್ಮಲ್ಲಿ ಒಂದು ರೂಢಿಯಿದೆ: "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎನ್ನುವುದು. ಬಿಡುವಿಲ್ಲದವರು ಒಳ್ಳೆಯ ಮನಸ್ಸಿನಿಂದಲೇ ಹಾಗೆನ್ನುತ್ತಾರೆ. ಆದರೆ ತನ್ನನ್ನು ತಾನೇ ಹೊಗಳಿಕೊಂಡ ಪತ್ರಕ್ಕೆ ಇನ್ನೊಬ್ಬರ ಸಹಿ ಹಾಕಿಸುವುದು ಸುಳ್ಳು ಸಾಕ್ಷ್ಯ. ಅಷ್ಟಲ್ಲದೆ ಒಂದೇ ಕೈಯಿಂದ ಬಂದ ಮೂರು ಪತ್ರಗಳ ಶೈಲಿಯನ್ನು ಗುರುತಿಸುವುದು ಓದಿ ಪಳಗಿದವರಿಗೆ ಕಷ್ಟವಲ್ಲ. ಅಂಥವರಿಗೆ ವಿನಯದಿಂದ, "ಸಾರ್, ನೀವು ಹೇಳುತ್ತಾ ಹೋಗಿ, ನಾನು ಯಾರಿಂದಲಾದರೂ ಬೆರಳಚ್ಚು ಮಾಡಿಸುತ್ತೇನೆ" ಎನ್ನಲೂಬೇಡಿ. ಮೇಲೆ ಹೇಳಿದ ಟಿಪ್ಪಣಿಯನ್ನು ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಹೋಗಿ. ಇಂಗ್ಲಿಷಿನ ಬೆಡಗಿಲ್ಲವೆಂದು ಹಿಂಜರಿಯುವ ವೈದ್ಯರಿಗೂ ಒಂದು ಮಾತು: ಅಲ್ಲಿ ಓದುವವರಿಗೆ ಬೇಕಾದದ್ದು ನೀವು ಕಂಡದ್ದು. ಸರಳ ವಾಕ್ಯಗಳೇ ಸಾಕು.

ಪತ್ರವನ್ನು ಓದುವ ಹಕ್ಕನ್ನು ಬಿಟ್ಟುಕೊಡುವಿರಾ ಎಂದು ಅಮೆರಿಕದ ಅರ್ಜಿಗಳು ಕೇಳುತ್ತವೆ. 1974ರ ಅಲ್ಲಿಯ ಕಾನೂನೊಂದು ವಿದ್ಯಾರ್ಥಿಗಳಿಗೆ ತಮ್ಮ ಶಿಕ್ಷಣದಾಖಲೆಗಳನ್ನು ನೋಡುವ ಹಕ್ಕನ್ನು ಕೊಟ್ಟಿದೆ. ಪತ್ರದ ಮಟ್ಟಿಗೆ ಅದನ್ನು ಬಿಟ್ಟುಕೊಡಬಹುದು. ಬಿಟ್ಟುಕೊಡುವುದೇ ಲೇಸು. ಆರೋಪಿಯ ಕಣ್ಣೆದುರಿಗೆ ಮಾತ್ರ ನುಡಿಯುವ ಸಾಕ್ಷಿಗಿಂತ ಸ್ವತಂತ್ರವಾಗಿ ನುಡಿದವನ ಮಾತಿಗೆ ಬೆಲೆ ಹೆಚ್ಚು. ಆದ್ದರಿಂದಲೇ ಆಯ್ಕೆ ಅಷ್ಟು ಮುಖ್ಯ: ಏನು ಬರೆದರೆಂದು ತಿಳಿಯದ ಮೇಲೆ, ಬರೆಯುವವರ ಮೇಲಿನ ನಂಬಿಕೆಯೊಂದೇ ಉಳಿಯುವುದು.

ಕೊನೆಯದಾಗಿ ನಮ್ಮಂಥ ಮೇಷ್ಟ್ರುಗಳಿಗೆ ಒಂದು ಮಾತು. ಕಾಣದ್ದನ್ನು ಬರೆಯಲಾರೆ ಎನ್ನುವುದು ನಿಷ್ಠುರವಲ್ಲ. ಆದರೆ ಅಷ್ಟನ್ನೇ ಹೇಳಿ ಬಾಗಿಲು ಮುಚ್ಚಿದರೆ ಅದು ನಿಷ್ಠುರ. ಯಾರು ಕಂಡಿದ್ದಾರೆಂದು ಕೇಳಿ, ಅವರ ಮನೆಯ ದಾರಿ ತೋರಿಸುವವರೆಗೆ ನಮ್ಮ ಕೆಲಸ ಮುಗಿಯುವುದಿಲ್ಲ.

ಆ ದಿನ ಹೊರಡುವಾಗ ನನ್ನ ಶಿಷ್ಯ ಮೂರು ಪತ್ರಗಳನ್ನೂ ಕೈಚೀಲಕ್ಕೆ ಹಾಕಿಕ್ಕೊಂಡ. "ಇವನ್ನು ಏನು ಮಾಡಲಿ ಮೇಷ್ಟ್ರೇ? ಬರೆದುಕೊಟ್ಟವರು ಕೇಳಿದರೆ?" ಎಂದ. "ಜೋಪಾನವಾಗಿಡು. ನಿನ್ನ ಮಗಳ ಮೇಲೆ ನಾಲ್ಕು ಜನಕ್ಕೆ ಅಭಿಮಾನವಿದೆಯೆಂಬುದಕ್ಕೆ ಗುರುತು" ಎಂದೆ. ಮಾರನೆಯ ವಾರ ಮಗಳೊಬ್ಬಳೇ ತರೀಕೆರೆಯ ಬಸ್ಸು ಹತ್ತಿ ಆ ವೈದ್ಯಾಧಿಕಾರಿಗಳನ್ನು ಕಾಣಲು ಹೋದಳು. ಅವರು ಬಹಳ ಹೊತ್ತು ಮಾತನಾಡಲಿಲ್ಲವಂತೆ. ಅನಂತರ, "ಆ ರಿಜಿಸ್ಟರಿನ ವಿಷಯ ಬರೆಯಬಹುದೇನಮ್ಮ? ಅದರಲ್ಲಿ ನನ್ನ ತಪ್ಪೂ ಇದೆ" ಎಂದರಂತೆ. ಬರೆದು ಕಳುಹಿಸಿದರೆಂಬುದಷ್ಟು ಗೊತ್ತು. ಪತ್ರದಲ್ಲಿ ಏನಿದೆಯೆಂಬುದು ಆಕೆಗೂ ತಿಳಿಯದು, ನನಗೂ ತಿಳಿಯದು.